ಜಿಗಿದಷ್ಟೂ ಬಲಿಯುವ ಶತ್ರುಗಳು: ಅಬ್ಲಿವಿಯನ್ ಆಟದ ಒಂದು ಪ್ರಕರಣ

ಕಾಡಿನ ನಡುವಿನ ದಾರಿಯಲ್ಲಿ ಒಬ್ಬ ದರೋಡೆಕೋರ ಅಡ್ಡ ಬಂದು ನಿಲ್ಲುತ್ತಾನೆ. 100 ಚಿನ್ನದ ನಾಣ್ಯ ಕೊಡು, ಇಲ್ಲವಾದರೆ ಪ್ರಾಣ ಬಿಡು ಎನ್ನುತ್ತಾನೆ. ಅವನ ಮೈಮೇಲೆ ಹಸಿರು ಹೊಳಪಿನ ಗಾಜಿನ ಕವಚವಿದೆ. ಆ ಲೋಕದಲ್ಲಿ ಗಾಜಿನ ಕವಚ ದುಬಾರಿಯ ವಸ್ತು. ತಾನು ತೊಟ್ಟಿರುವುದನ್ನು ಮಾರಿದರೆ ಅವನು ಕೇಳುತ್ತಿರುವ ಹಣದ ಎಷ್ಟೋ ಪಟ್ಟು ಅವನ ಕೈಗೆ ಬರುತ್ತದೆ. ಇಷ್ಟು ಸಿರಿವಂತನಾದವನು ನೂರು ನಾಣ್ಯಕ್ಕಾಗಿ ಪೊದೆಯ ಮರೆಯಲ್ಲಿ ಕಾದು ಕುಳಿತಿದ್ದಾನೆ. ಕೆಲವು ವಾರಗಳ ಹಿಂದೆ ಇದೇ ದಾರಿಯಲ್ಲಿ ಸಿಕ್ಕಿದ್ದ ದರೋಡೆಕೋರ ಪ್ರಾಣಿಯ ತುಪ್ಪಟದ ಅಂಗಿ ತೊಟ್ಟು ಮೊಂಡು ಕತ್ತಿ ಹಿಡಿದಿದ್ದ.

ಬೆಥೆಸ್ಡಾ ಗೇಮ್ ಸ್ಟುಡಿಯೋಸ್ 2006ರ ಮಾರ್ಚ್‌ನಲ್ಲಿ ಹೊರತಂದ ‘ದಿ ಎಲ್ಡರ್ ಸ್ಕ್ರೋಲ್ಸ್ 4: ಅಬ್ಲಿವಿಯನ್’ ಎಂಬ ವಿಡಿಯೋ ಆಟ ಆಡಿದವರಿಗೆಲ್ಲ ಪರಿಚಿತವಾದ ದೃಶ್ಯವಿದು. ಯಾವ ಕಥೆಗಾರನೂ ಆ ದರೋಡೆಕೋರನಿಗೆ ಗಾಜಿನ ಕವಚ ತೊಡಿಸಲಿಲ್ಲ. ಆಟಗಾರನ ಲೆವೆಲ್, ಅಂದರೆ ಅವನ ಪಾತ್ರ ಎಷ್ಟು ಬೆಳೆದಿದೆ ಎಂದು ಹೇಳುವ ಅಂಕಿ, ಏರಿದಂತೆ ಎದುರಾಳಿಯ ಲೆವೆಲ್ ಸಹ ಏರಬೇಕು ಎಂಬ ಒಂದು ನಿಯಮ ತೊಡಿಸಿತು. ಆ ನಿಯಮ ಯಾಕೆ ಬೇಕಾಯಿತು, ಎಲ್ಲಿ ಮುರಿಯಿತು, ಅದನ್ನು ಯಾರು ಹೇಗೆ ತಿದ್ದಲು ನೋಡಿದರು ಎಂಬುದು ಒಂದು ಪಾತ್ರವನ್ನು ಬೆಳೆಸುತ್ತ ಆಡುವ ರೋಲ್ ಪ್ಲೇಯಿಂಗ್ ಆಟಗಳನ್ನು ಪ್ರೀತಿಸುವ ಎಲ್ಲರೂ ಕೂತು ಯೋಚಿಸಬೇಕಾದ ವಿಷಯ. ಆ ಆಟ ಬಂದು ಸುಮಾರು ಎರಡು ದಶಕಗಳಾದರೂ ಪ್ರಶ್ನೆ ಇನ್ನೂ ತೀರಿಲ್ಲ.

ಯಾವ ತೊಡಕಿಗೆ ಹುಡುಕಿದ ಪರಿಹಾರ

ಶತ್ರುಗಳ ಬಲವನ್ನು ಹಂತಹಂತವಾಗಿ ಏರಿಸುವುದಕ್ಕೆ ಈ ಬಗೆಯ ಆಟಗಳು ಮೊದಲಿನಿಂದ ಭೂಗೋಳವನ್ನೇ ನೆಚ್ಚಿಕೊಂಡಿದ್ದವು. 1986ರ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಸೇತುವೆ ದಾಟಿದೊಡನೆ ಎದುರಾಗುವ ಪ್ರಾಣಿಗಳು ಒಮ್ಮೆಗೇ ಬಲಿಷ್ಠವಾಗುತ್ತಿದ್ದವು. ಬಾಗಿಲು, ಬೀಗ ಏನೂ ಇರಲಿಲ್ಲ. ನೀರಿನ ಆಚೆ ಬದಿಗೆ ಹೋದವನು ಎರಡೇ ಹೊಡೆತಕ್ಕೆ ಬಿದ್ದು ‘ಇನ್ನೂ ಸಮಯವಾಗಿಲ್ಲ’ ಎಂದು ತಾನೇ ತಿಳಿದುಕೊಳ್ಳುತ್ತಿದ್ದ. ಕಷ್ಟ ಎಲ್ಲಿದೆ ಎನ್ನುವುದು ನಕ್ಷೆಯಲ್ಲೇ ಬರೆದಿತ್ತು.

ಅಬ್ಲಿವಿಯನ್ ಕೊಟ್ಟ ಮಾತು ಬೇರೆಯದು. ಸೆರೆಮನೆಯ ಕೋಣೆಯಲ್ಲಿ ಆಟ ಶುರುವಾಗುತ್ತದೆ. ಸುರಂಗ, ಚರಂಡಿಗಳನ್ನು ದಾಟಿ ಬೆಳಕಿಗೆ ಬಂದೊಡನೆ ಸುಮಾರು 16 ಚದರ ಮೈಲಿಯ ಸೈರೋಡಿಲ್ ಪ್ರಾಂತ ಎದುರಿಗೆ ತೆರೆದುಕೊಳ್ಳುತ್ತದೆ. ದೊಡ್ಡ ನಗರಗಳೆಲ್ಲ ಆಗಲೇ ನಕ್ಷೆಯಲ್ಲಿ ಗುರುತಾಗಿರುತ್ತವೆ, ಬಯಸಿದ ನಗರಕ್ಕೆ ಆ ಕ್ಷಣವೇ ಹೋಗಬಹುದು. ಮುಖ್ಯ ಕಥೆಯನ್ನು ಹಿಡಿಯಬಹುದು, ಬಿಡಬಹುದು. ಯೋಧರ ಸಂಘ, ಮಾಂತ್ರಿಕರ ಸಂಘ, ಕಳ್ಳರ ಸಂಘ, ಕೊಲೆಗಾರರ ಬಳಗ, ಯಾವುದನ್ನು ಮೊದಲು ಸೇರಿದರೂ ಆದೀತು.

ಈಗ ಆಟ ಕಟ್ಟುವವರ ಜಾಗದಲ್ಲಿ ನಿಂತು ನೋಡಿ. ಒಬ್ಬ ಆಟಗಾರ ಕಳ್ಳರ ಸಂಘದ ಕೆಲಸಗಳನ್ನೆಲ್ಲ ಮುಗಿಸಿದ ಮೇಲೆ ಮುಖ್ಯ ಕಥೆಗೆ ಬರುತ್ತಾನೆ. ಇನ್ನೊಬ್ಬ ನೇರವಾಗಿ ಮುಖ್ಯ ಕಥೆಗೇ ಇಳಿಯುತ್ತಾನೆ. ಮೂರನೆಯವನು ಕಾಡಿನ ಗುಹೆಗಳನ್ನು ಜಾಲಾಡುತ್ತ ಎರಡನ್ನೂ ಮರೆತಿದ್ದಾನೆ. ಮುಖ್ಯ ಕಥೆಯ ಮೊದಲ ದೊಡ್ಡ ಯುದ್ಧದ ಶತ್ರುಗಳಿಗೆ ಎಷ್ಟು ಬಲ ಕೊಡಬೇಕು? ಎರಡನೆಯವನಿಗೆ ಹೊಂದುವಂತೆ ಕೊಟ್ಟರೆ ಮೊದಲನೆಯವನಿಗೆ ಅದು ಸೊಳ್ಳೆ ಹೊಡೆಯುವ ಕೆಲಸವಾಗುತ್ತದೆ. ಮೊದಲನೆಯವನಿಗೆ ಹೊಂದುವಂತೆ ಕೊಟ್ಟರೆ ಎರಡನೆಯವನು ಊರ ಬಾಗಿಲಲ್ಲೇ ಸಾಯುತ್ತಾನೆ. ಇದೇ ಸರಣಿಯ ಹಿಂದಿನ ಆಟವಾದ 2002ರ ‘ಮೊರೋವಿಂಡ್’ನಲ್ಲಿ ಮನುಷ್ಯ ಶತ್ರುಗಳು ಬಹುಪಾಲು ನಿಗದಿತ ಬಲದವರು. ಅಲ್ಲಿ ಊರೂರು ಅಲೆದು ಬೆಳೆದ ಆಟಗಾರನಿಗೆ ಮುಂದೆ ಎದುರಾಗುವವರಲ್ಲಿ ಹೆಚ್ಚಿನವರು ಸಾಟಿಯೇ ಆಗುತ್ತಿರಲಿಲ್ಲ. ಹಾಗಾಗಿ ಆಟಗಾರ ಎಲ್ಲಿಗೆ ಯಾವಾಗ ಹೋದರೂ ಅಲ್ಲಿನ ಕಷ್ಟ ಅವನ ಅಳತೆಗೇ ಇರುವಂತೆ ಮಾಡುವ ಯೋಚನೆ ಹುಟ್ಟಿದ್ದು ಸಹಜ. ಆ ಯೋಚನೆಯ ಹಿಂದಿನ ಕಳಕಳಿಯನ್ನು ಹಗುರವಾಗಿ ಕಾಣಬಾರದು ಎಂದೇ ನನ್ನ ಅಭಿಪ್ರಾಯ. ಯಾವ ಸಂಘವೂ ಹಳಸದಂತೆ, ಯಾವ ಗುಹೆಯೂ ತಡವಾಯಿತು ಎನ್ನಿಸದಂತೆ ಕಾಪಾಡುವ ಪ್ರಯತ್ನವದು.

ನಿಯಮ ನಡೆಯುತ್ತಿದ್ದ ಬಗೆ

ಇದರಲ್ಲಿ ಎರಡು ಯಂತ್ರಗಳು ಒಟ್ಟಿಗೆ ತಿರುಗುತ್ತಿದ್ದವು. ಒಂದು ಪಟ್ಟಿಯ ಯಂತ್ರ. ಗುಹೆಯಲ್ಲಿ ‘ಇಲ್ಲೊಂದು ಪ್ರಾಣಿ’, ಪೆಟ್ಟಿಗೆಯಲ್ಲಿ ‘ಇಲ್ಲೊಂದು ಆಯುಧ’ ಎಂದಷ್ಟೇ ಗುರುತಿರುತ್ತದೆ. ಯಾವ ಪ್ರಾಣಿ, ಯಾವ ಆಯುಧ ಎನ್ನುವುದನ್ನು ಆಟಗಾರನ ಲೆವೆಲ್ ನೋಡಿ ಪಟ್ಟಿಯಿಂದ ಆರಿಸಲಾಗುತ್ತದೆ. ಮೊದಲ ಲೆವೆಲ್‌ಗಳಲ್ಲಿ ಇಲಿ, ತೋಳ, ಮುಂದೆ ಕರಡಿ, ಇನ್ನೂ ಮುಂದೆ ಮಿನೋಟಾರ್. ಲೋಹಗಳಿಗೂ ಇದೇ ಏಣಿ: ಕಬ್ಬಿಣ, ಉಕ್ಕಿನಿಂದ ಹಿಡಿದು ಎಲ್ವೆನ್, ಗಾಜು, ಎಬನಿ, ಡೇಡ್ರಿಕ್‌ವರೆಗೆ. ಇನ್ನೊಂದು ಗುಣಾಕಾರದ ಯಂತ್ರ. ಕೆಲವು ಶತ್ರುಗಳ ಜೀವಬಲವನ್ನು, ಅಂದರೆ ಸಾಯುವ ಮುನ್ನ ಎಷ್ಟು ಏಟು ತಾಳಬಲ್ಲರು ಎಂಬ ಅಂಕಿಯನ್ನು, ಆಟಗಾರನ ಲೆವೆಲ್‌ನಿಂದಲೇ ಲೆಕ್ಕ ಹಾಕಲಾಗುತ್ತಿತ್ತು. ಗಾಬ್ಲಿನ್ ದಳಪತಿಯಂಥವಕ್ಕೆ ಮೇಲ್ಮಿತಿಯೇ ಇರಲಿಲ್ಲ. ಲೆವೆಲ್ ಏರಿದಷ್ಟೂ ಅವುಗಳ ಜೀವಬಲ ಏರುತ್ತಲೇ ಹೋಗುತ್ತಿತ್ತು. ಆಟಗಾರನ ಕೌಶಲಕ್ಕೂ ಮೂಲ ಗುಣಗಳಿಗೂ 100ರ ಗೆರೆಯಿತ್ತು. ಆಟಗಾರನ ಹೊಡೆತದ ಬಲ ಒಂದು ಹಂತದಲ್ಲಿ ನಿಂತುಬಿಡುತ್ತದೆ, ಎದುರಾಳಿಯ ಜೀವಬಲ ನಿಲ್ಲುವುದಿಲ್ಲ. ಹೀಗಾಗಿ ಎತ್ತರದ ಲೆವೆಲ್‌ಗಳಲ್ಲಿ ಕಾಳಗ ಕಠಿಣವಾಗುವುದರ ಬದಲು ಉದ್ದವಾಗುತ್ತಿತ್ತು. ಆಡಿದವರು ಆ ದಣಿವನ್ನು ಚೆನ್ನಾಗಿ ಬಲ್ಲರು: ಅಪಾಯವೇನೂ ಇಲ್ಲ, ಸುಮ್ಮನೆ ಕತ್ತಿ ಬೀಸುತ್ತಲೇ ಇರಬೇಕು.

ಇಷ್ಟಾದರೂ ಸಹಿಸಬಹುದಿತ್ತು. ನಿಜವಾದ ಬಿರುಕು ಇದ್ದದ್ದು ಲೆವೆಲ್ ಎಂಬ ಅಂಕಿಯ ಒಳಗೆ.

ಒಬ್ಬ ವ್ಯಾಪಾರಿಯ ಪಾಡು

ಆಟದಲ್ಲಿ 21 ಕೌಶಲಗಳಿವೆ. ಅವುಗಳಲ್ಲಿ 7ನ್ನು ಪ್ರಧಾನವೆಂದು ಆಟಗಾರ ಶುರುವಿನಲ್ಲೇ ಆರಿಸಿಕೊಳ್ಳಬೇಕು, ಉಳಿದ 14 ಗೌಣ. ಯಾವುದನ್ನು ಬಳಸಿದರೂ ಅದು ಪಳಗುತ್ತದೆ. ಲೆವೆಲ್ ಏರಿಕೆಗೆ ಲೆಕ್ಕಕ್ಕೆ ಬರುವುದು ಮಾತ್ರ ಪ್ರಧಾನ ಕೌಶಲಗಳು. ಅವು ಒಟ್ಟು 10 ಅಂಶ ಏರಿದ ಮೇಲೆ ಎಲ್ಲಾದರೂ ಹಾಸಿಗೆ ಹುಡುಕಿ ಮಲಗಿ ಎದ್ದರೆ ಒಂದು ಲೆವೆಲ್ ಏರುತ್ತದೆ.

ಉದಾಹರಣೆಗೆ ಒಂದು ಪಾತ್ರವನ್ನು ಕಟ್ಟೋಣ. ಆಟ ಕೊಡುವ ಸ್ವಾತಂತ್ರ್ಯವನ್ನು ಪೂರ್ತಿಯಾಗಿ ನಂಬಿದ ಆಟಗಾರ ಊರೂರು ತಿರುಗುವ ಒಬ್ಬ ಚತುರ ವ್ಯಾಪಾರಿಯನ್ನು ಸೃಷ್ಟಿಸುತ್ತಾನೆ. ಪ್ರಧಾನ ಕೌಶಲಗಳಾಗಿ ಮಾತುಗಾರಿಕೆ, ವ್ಯಾಪಾರ, ಔಷಧ ತಯಾರಿಕೆ, ಬೀಗ ತೆರೆಯುವುದು, ಸದ್ದಿಲ್ಲದೆ ಸುಳಿಯುವುದು, ಓಟ, ಜಿಗಿತ ಇವನ್ನು ಆರಿಸಿಕೊಳ್ಳುತ್ತಾನೆ. ಆಟವೇ ಮುಂದಿಟ್ಟ ಆಯ್ಕೆಗಳಿವು, ಇಂಥ ಆಯ್ಕೆ ತಪ್ಪೆಂದು ಎಲ್ಲೂ ಹೇಳಿಲ್ಲ.

ಅವನು ದಾರಿಯುದ್ದಕ್ಕೂ ಓಡುತ್ತಾನೆ, ಬೇಲಿ ಕಂಡರೆ ಜಿಗಿಯುತ್ತಾನೆ, ಗಿಡಮೂಲಿಕೆ ಕಿತ್ತು ಔಷಧ ಅರೆಯುತ್ತಾನೆ, ಅಂಗಡಿಯಲ್ಲಿ ಚೌಕಾಸಿ ಮಾಡುತ್ತಾನೆ. ಇವೆಲ್ಲವೂ ಲೆವೆಲ್ ಏರಿಸುತ್ತವೆ. ಕೆಲವೇ ಗಂಟೆಗಳಲ್ಲಿ 100 ಅಂಶ ಕೂಡಿ ಅವನು 11ನೇ ಲೆವೆಲ್ ತಲುಪುತ್ತಾನೆ. ಅಷ್ಟು ಹೊತ್ತಿಗೆ ಕತ್ತಿ ಹಿಡಿದದ್ದು ಅಪರೂಪ, ಕತ್ತಿಯ ಕೌಶಲ ಶುರುವಿನಲ್ಲಿ ಎಲ್ಲಿತ್ತೋ ಬಹುತೇಕ ಅಲ್ಲೇ ಇದೆ. ಲೋಕವಾದರೋ ಅವನನ್ನು 11ನೇ ಲೆವೆಲ್‌ನ ವೀರನೆಂದೇ ಎಣಿಸಿದೆ. ಬೇಲಿಯಿಂದ ಬೇಲಿಗೆ ಅವನು ಜಿಗಿದ ಪ್ರತಿಯೊಂದು ಜಿಗಿತವೂ ಎಲ್ಲೋ ದೂರದ ಗುಹೆಯಲ್ಲಿನ ದರೋಡೆಕೋರರಿಗೆ ಒಳ್ಳೆಯ ಕತ್ತಿಯನ್ನು ಸಾಣೆ ಹಿಡಿದು ಕೊಟ್ಟಿದೆ.

ಜೀವಬಲದ ಲೆಕ್ಕ ನೋಡಿದರೆ ಪೆಟ್ಟು ಇನ್ನೂ ಸ್ಪಷ್ಟವಾಗುತ್ತದೆ. ಆಟದಲ್ಲಿ ತಾಳಿಕೆ ಎಂಬ ಅರ್ಥದ ಒಂದು ಮೂಲ ಗುಣವಿದೆ. ಶುರುವಿನ ಜೀವಬಲ ತಾಳಿಕೆಯ ಎರಡರಷ್ಟು, ಮುಂದೆ ತಾಳಿಕೆ ಒಂದಂಶ ಏರಿದರೆ ಜೀವಬಲ ಎರಡಂಶ ಏರುತ್ತದೆ. ಪ್ರತಿ ಲೆವೆಲ್‌ಗೂ ತಾಳಿಕೆಯ ಹತ್ತನೇ ಒಂದು ಭಾಗ ಅದಕ್ಕೆ ಸೇರುತ್ತದೆ. ಲೆವೆಲ್ ಏರುವಾಗ ಆಟಗಾರ ಮೂರು ಗುಣಗಳನ್ನು ಹೆಚ್ಚಿಸಿಕೊಳ್ಳಬಹುದು. ಒಂದೊಂದು ಗುಣ ಎಷ್ಟು ಏರುತ್ತದೆ ಎನ್ನುವುದು ಆ ಗುಣಕ್ಕೆ ಸೇರಿದ ಕೌಶಲಗಳನ್ನು ಆ ಅವಧಿಯಲ್ಲಿ ಎಷ್ಟು ಬಳಸಿದ ಎನ್ನುವುದರ ಮೇಲೆ ನಿಂತಿದೆ. ಏನೂ ಬಳಸದಿದ್ದರೆ 1, ಹತ್ತು ಅಂಶ ಬೆಳೆಸಿದ್ದರೆ 5. ತಾಳಿಕೆಗೆ ಸೇರಿದ ಕೌಶಲಗಳು ಮೂರು: ಗುರಾಣಿಯಿಂದ ತಡೆಯುವುದು, ಭಾರದ ಕವಚ ತೊಡುವುದು, ಆಯುಧ ದುರಸ್ತಿ. ನಮ್ಮ ವ್ಯಾಪಾರಿ ಈ ಮೂರನ್ನೂ ಮುಟ್ಟಿಲ್ಲ. ಅವನ ಓಟ, ಜಿಗಿತಗಳು ವೇಗಕ್ಕೆ ಸೇರುತ್ತವೆ, ಚೌಕಾಸಿ ವ್ಯಕ್ತಿತ್ವಕ್ಕೆ ಸೇರುತ್ತದೆ, ಔಷಧ ಬುದ್ಧಿಗೆ ಸೇರುತ್ತದೆ. ಅವನು ಸಹಜವಾಗಿಯೇ ಹೆಚ್ಚು ಏರುವ ಆ ಗುಣಗಳನ್ನೇ ಆರಿಸುತ್ತಾನೆ.

ಶುರುವಿನ ತಾಳಿಕೆ 40 ಎಂದಿಟ್ಟುಕೊಂಡರೆ ವ್ಯಾಪಾರಿಯ ಜೀವಬಲ 80ರಿಂದ ಹೊರಟು, ಲೆವೆಲ್‌ಗೆ 4ರಂತೆ ಕೂಡಿ, 11ನೇ ಲೆವೆಲ್‌ಗೆ 120 ಆಗುತ್ತದೆ. ಅದೇ 40ರಿಂದ ಹೊರಟು ಪ್ರತಿ ಸಲವೂ ತಾಳಿಕೆಯನ್ನು 5ರಂತೆ ಏರಿಸಿದವನ ತಾಳಿಕೆ ಅಷ್ಟರಲ್ಲಿ 90 ಮುಟ್ಟಿರುತ್ತದೆ, ಜೀವಬಲ 240 ದಾಟಿರುತ್ತದೆ. ಇಬ್ಬರದೂ ಒಂದೇ ಲೆವೆಲ್. ಇಬ್ಬರ ಎದುರಿಗೂ ಬರುವುದು ಒಂದೇ ಪಟ್ಟಿಯ ಶತ್ರುಗಳು. ಒಬ್ಬನಿಗೆ ಇನ್ನೊಬ್ಬನ ಅರ್ಧದಷ್ಟು ಉಸಿರಿದೆ, ಕತ್ತಿಯಂತೂ ಏಟಿಗೆ ಸಾಲದು.

ಈಗ ಅವನು ಮುಖ್ಯ ಕಥೆಗೆ ಬಂದು ಕ್ವಾಚ್ ಎಂಬ ಊರಿಗೆ ಹೋಗುತ್ತಾನೆ ಎನ್ನಿ. ನರಕಲೋಕದ ಬಾಗಿಲು ತೆರೆದು ಊರು ಸುಟ್ಟು ಹೋಗಿದೆ, ಅಳಿದುಳಿದ ಕಾವಲುಗಾರರು ಬಾಗಿಲ ಬಳಿ ಹೋರಾಡುತ್ತಿದ್ದಾರೆ. ಆಟದ ಕಥೆ ಅತ್ಯಂತ ಗಾಢವಾಗಿ ಮೂಡುವ ಜಾಗಗಳಲ್ಲಿ ಇದೂ ಒಂದು. ಮೊದಲ ಲೆವೆಲ್‌ಗಳಲ್ಲೇ ಬಂದವನಿಗೆ ಇಲ್ಲಿ ಬಹುತೇಕ ಸ್ಕ್ಯಾಂಪ್ ಎಂಬ ಸಣ್ಣ ಪಿಶಾಚಿಗಳು ಎದುರಾಗುತ್ತವೆ. ಲೋಕ ಸುತ್ತಿ ತಡವಾಗಿ ಬಂದವನಿಗೆ ಕ್ಲಾನ್‌ಫಿಯರ್, ಡೇಡ್ರೋತ್‌ಗಳಂಥ ಬಲಿಷ್ಠ ಪ್ರಾಣಿಗಳು ಕಾದಿರುತ್ತವೆ. ‘ಕ್ವಾಚ್ ಕೆಲಸವನ್ನು ಆದಷ್ಟು ಬೇಗ ಮುಗಿಸಿಬಿಡು’ ಎನ್ನುವುದು ಹೊಸಬರಿಗೆ ಹಳಬರು ಹೇಳುವ ಮೊದಲ ಬುದ್ಧಿಮಾತಾಯಿತು. ಎಲ್ಲಿಗಾದರೂ ಯಾವಾಗಲಾದರೂ ಹೋಗಬಹುದು ಎಂದು ಸಾರಿದ ಆಟದಲ್ಲಿ ‘ಮೊದಲು ಇಲ್ಲಿಗೆ ಹೋಗು’ ಎಂಬ ಮಾತು ನಿಯಮವಾಗಿ ನಿಂತದ್ದನ್ನು ಗಮನಿಸಬೇಕು. ಸ್ವಾತಂತ್ರ್ಯ ಕೊಡಲೆಂದು ತಂದ ಏರ್ಪಾಡೇ ತಿರುಗಿ ಬಂದು ಒಂದು ಕ್ರಮವನ್ನು ಹೇರಿತು.

ಕೆಟ್ಟದ್ದು ಅಳತೆಗೋಲು

ಅಬ್ಲಿವಿಯನ್ ಬಗ್ಗೆ ಮಾತು ಬಂದಾಗಲೆಲ್ಲ ‘ಶತ್ರುಗಳು ಆಟಗಾರನ ಜೊತೆ ಬೆಳೆಯುವುದೇ ತಪ್ಪು’ ಎಂಬ ತೀರ್ಪು ಕೇಳಿಬರುತ್ತದೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಶತ್ರುವಿನ ಬಲವನ್ನು ಆಟಗಾರನ ಬಲಕ್ಕೆ ಕಟ್ಟಬೇಕೆಂದರೆ ಮೊದಲು ಆಟಗಾರನ ಬಲವನ್ನು ಸರಿಯಾಗಿ ಅಳೆಯಬೇಕು. ಇಲ್ಲಿ ಲೆವೆಲ್ ಅಳೆದದ್ದು ಏಳು ಕೌಶಲಗಳ ಬಳಕೆಯ ಮೊತ್ತವನ್ನು. ಅದರಲ್ಲಿ ಕಾಳಗದ ಪಾಲು ಎಷ್ಟಾದರೂ ಇರಬಹುದು, ಇಲ್ಲದೆಯೂ ಇರಬಹುದು. ಬಟ್ಟೆ ಅಳೆಯುವ ಕೋಲಿನಿಂದ ಹಾಲು ಅಳೆದಂತೆ ಆಯಿತು. ಕೋಲು ಮುರಿದಿರಲಿಲ್ಲ, ಈ ಕೆಲಸಕ್ಕೆ ತಕ್ಕದ್ದಾಗಿರಲಿಲ್ಲ.

ಈ ತಪ್ಪು ಅಬ್ಲಿವಿಯನ್‌ನ ಸ್ವಂತದ್ದೂ ಅಲ್ಲ. 1999ರ ‘ಫೈನಲ್ ಫ್ಯಾಂಟಸಿ 8’ರಲ್ಲಿ ಶತ್ರುಗಳು ಆಟಗಾರನ ತಂಡದ ಸರಾಸರಿ ಲೆವೆಲ್‌ಗೆ ತಕ್ಕಂತೆ ಬೆಳೆಯುತ್ತಿದ್ದರು. ಅಲ್ಲಿ ತಂಡದ ನಿಜವಾದ ಬಲ ಇದ್ದದ್ದು ಸಂಗ್ರಹಿಸಿದ ಮಂತ್ರಗಳನ್ನು ಪಾತ್ರದ ಗುಣಗಳಿಗೆ ಜೋಡಿಸುವುದರಲ್ಲಿ. ಲೆವೆಲ್ ಏರದೆಯೂ ಮಂತ್ರ ಕೂಡಿಸಬಹುದಿತ್ತು. ಚತುರರು ಶತ್ರುಗಳನ್ನು ಕೊಲ್ಲದೆ ಇಸ್ಪೀಟಿನಂಥ ಎಲೆಗಳಾಗಿ ಮಾರ್ಪಡಿಸಿ, ಅನುಭವದ ಅಂಕ ಬಾರದಂತೆ ನೋಡಿಕೊಂಡು, ಲೆವೆಲ್ ಕೆಳಗಿಟ್ಟುಕೊಂಡೇ ಆಟವನ್ನು ಸಲೀಸಾಗಿ ಮುಗಿಸಿದರು. ಬಲ ಒಂದು ಕಡೆ, ಬಲದ ಅಂಕಿ ಇನ್ನೊಂದು ಕಡೆ. ಏಳು ವರ್ಷದ ಬಳಿಕ ಅಬ್ಲಿವಿಯನ್‌ನಲ್ಲೂ ಅದೇ ಆಯಿತು: ಹಾಸಿಗೆಯಲ್ಲಿ ಮಲಗಲು ನಿರಾಕರಿಸಿದವನ ಕೌಶಲಗಳು ಬೆಳೆಯುತ್ತವೆ, ಲೆವೆಲ್ ಬೆಳೆಯುವುದಿಲ್ಲ, ಲೋಕ ಎಳಸಾಗಿಯೇ ಉಳಿಯುತ್ತದೆ. ತೀರ ಕೆಳಗಿನ ಲೆವೆಲ್‌ನಲ್ಲಿಯೇ ಮುಖ್ಯ ಕಥೆಯನ್ನು ಮುಗಿಸಬಹುದು. ಬೆಳೆಯುವುದನ್ನೇ ಹಬ್ಬವಾಗಿ ಕಾಣಬೇಕಾದ ಆಟದಲ್ಲಿ ಬೆಳೆಯದಿರುವುದು ಲಾಭವಾದರೆ ಒಳಗಿನ ಲೆಕ್ಕ ತಿರುಗುಮುರುಗಾಗಿದೆ ಎಂದೇ ಅರ್ಥ.

ಇನ್ನು ನಾನು ಒಪ್ಪುವ ಅರ್ಧ. ಅಳತೆ ಸರಿಯಾಗಿದ್ದರೂ ಲೋಕ ಪೂರ್ತಿಯಾಗಿ ಆಟಗಾರನ ಮೈಗೆ ಹೊಲಿದ ಅಂಗಿಯಾದರೆ ಏನನ್ನೋ ಕಳೆದುಕೊಳ್ಳುತ್ತೇವೆ. ಮೊರೋವಿಂಡ್‌ನಲ್ಲಿ ಬಹುತೇಕ ಪೂರ್ತಿ ಡೇಡ್ರಿಕ್ ಕವಚ ತೊಟ್ಟು ತನ್ನ ಗೋಪುರದಲ್ಲಿ ಕುಳಿತ ಒಬ್ಬ ಮುದಿ ಮಾಂತ್ರಿಕನಿದ್ದಾನೆ. ಅವನನ್ನು ಕಂಡ ಆಟಗಾರ ಕವಚವನ್ನು ನೋಡಿ ಬಾಯಲ್ಲಿ ನೀರೂರಿಸುತ್ತಾನೆ, ಅವನನ್ನು ಕೆಣಕುವ ಧೈರ್ಯ ಸಾಲದೆ ಹಿಂದೆ ಬರುತ್ತಾನೆ. ಆ ಆಸೆ, ಆ ಅಂಜಿಕೆ ಎರಡೂ ಆ ಜಾಗಕ್ಕೆ ಅಂಟಿಕೊಂಡು ಉಳಿಯುತ್ತವೆ. ಅಬ್ಲಿವಿಯನ್‌ನಲ್ಲಿ ಡೇಡ್ರಿಕ್ ಕವಚ ಸಿಗುವುದು ಅದಕ್ಕಾಗಿ ಎಲ್ಲಿಗೋ ಹೋದವನಿಗಲ್ಲ. ಸಾಕಷ್ಟು ಲೆವೆಲ್ ಏರಿದವನಿಗೆ ಗುಹೆಯ ಪುಂಡರ ಮೈಮೇಲೆಯೇ ಅದು ಸಿಗುತ್ತದೆ. ಬೆಲೆಬಾಳುವ ವಸ್ತುವಿಗೆ ಊರು, ಮನೆ, ಕಥೆ ಇಲ್ಲವಾಯಿತು. ದೂರದ ಬೆಟ್ಟದ ಗುಹೆಗೂ ನಗರದ ಬಾಗಿಲ ಬಳಿಯ ಗುಹೆಗೂ ಅಪಾಯದಲ್ಲಿ, ಸಂಪತ್ತಿನಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬ ಮಾತು ನಿಜವಾಗಿಯೇ ಇತ್ತು, ಆದರೆ ಎಲ್ಲಿಗೆ ಹೋದರೂ ಒಂದೇ ಆಗಿತ್ತು.

ಬಹುಮಾನಗಳ ಮಾತು ಬೇರೆಯೇ ಹೇಳಬೇಕು. ಕೋರಲ್ ಊರಿನ ಒಬ್ಬ ಮುದುಕ ತನ್ನ ಇಬ್ಬರು ಗಂಡುಮಕ್ಕಳನ್ನು ಗಾಬ್ಲಿನ್‌ಗಳಿಂದ ಕಾಪಾಡು ಎಂದು ಬೇಡಿಕೊಳ್ಳುತ್ತಾನೆ. ಇಬ್ಬರೂ ಉಳಿದರೆ ತನ್ನ ಹಳೆಯ ಕತ್ತಿಯಾದ ಚಿಲ್‌ರೆಂಡ್ ಅನ್ನು ಕೈಗಿಡುತ್ತಾನೆ. ಆ ಕತ್ತಿಯ ಬಲ ಅದು ಕೈಗೆ ಬಂದ ಹೊತ್ತಿನ ಲೆವೆಲ್‌ಗೆ ಗಟ್ಟಿಯಾಗಿ ನಿಂತುಬಿಡುತ್ತದೆ, ಮುಂದೆ ಬೆಳೆಯುವುದಿಲ್ಲ. ಮುದುಕನ ಕಣ್ಣೀರಿಗೆ ಕರಗಿ ಆಗಿಂದಾಗಲೇ ಹೊರಟವನಿಗೆ ಕೆಳದರ್ಜೆಯ ಕತ್ತಿ; ‘ಇರು, ಲೆವೆಲ್ ಏರಿದ ಮೇಲೆ ಬರುತ್ತೇನೆ’ ಎಂದವನಿಗೆ ಮೇಲ್ದರ್ಜೆಯದು. ಈ ಒಂದು ಅಂಶ ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಆಟ ಎಷ್ಟು ಚೆಂದದ ಕಥೆ ಹೇಳಿದರೂ ಒಳಗಿನ ಅಂಕಿ ಅದಕ್ಕೆ ವಿರುದ್ಧವಾಗಿ ಪಿಸುಗುಟ್ಟುತ್ತಿದ್ದರೆ ಆಟಗಾರ ಕೊನೆಗೆ ಕೇಳುವುದು ಅಂಕಿಯ ಮಾತನ್ನೇ.

ಆಟಗಾರರು ತಾವೇ ಕಂಡುಕೊಂಡ ದಾರಿಗಳು

ಕೆಲವರು ಕಾಗದ, ಪೆನ್ಸಿಲ್ ಹಿಡಿದು ಕುಳಿತರು. ಯಾವ ಕೌಶಲ ಈ ಲೆವೆಲ್‌ನಲ್ಲಿ ಎಷ್ಟು ಅಂಶ ಏರಿತು ಎಂದು ಗೆರೆ ಎಳೆದು ಎಣಿಸಿ, ಪ್ರತಿ ಸಲವೂ ಗುಣಗಳು 5ರಂತೆ ಏರುವ ಹಾಗೆ ನೋಡಿಕೊಂಡರು. ಅದಕ್ಕಾಗಿ ತಾವು ಇಷ್ಟಪಡುವ ಕೌಶಲಗಳನ್ನು ಬೇಕೆಂದೇ ಗೌಣಕ್ಕೆ ತಳ್ಳಿ, ಬಳಸದ ಕೌಶಲಗಳನ್ನು ಪ್ರಧಾನಕ್ಕೆ ಹಾಕಿಕೊಂಡರು. ಯೋಧನಾಗಬೇಕೆನ್ನುವವನು ಕತ್ತಿಯನ್ನು ಪ್ರಧಾನ ಕೌಶಲವಾಗಿ ಆರಿಸಬಾರದು ಎಂಬಲ್ಲಿಗೆ ಲೆಕ್ಕ ಬಂದು ಮುಟ್ಟಿತು. ಏಡಿಯ ಎದುರು ಗುರಾಣಿ ಹಿಡಿದು ನಿಂತು, ಅದು ಕುಟುಕುತ್ತಿರಲು ತಾಳಿಕೆಯ ಅಂಶ ಕೂಡಿಸಿದವರಿದ್ದಾರೆ. ಅವರ ಶ್ರದ್ಧೆಗೆ ನನ್ನ ಗೌರವವಿದೆ. ಆದರೆ ಅವರು ಆಡುತ್ತಿದ್ದದ್ದು ಸೈರೋಡಿಲ್‌ನ ಕಥೆಯನ್ನಾಗಿರಲಿಲ್ಲ, ಲೆಕ್ಕದ ಪುಸ್ತಕವನ್ನು.

ಆಟದಲ್ಲೇ ಇದ್ದ ಮದ್ದು ಕಷ್ಟವನ್ನು ಹೆಚ್ಚುಕಡಿಮೆ ಮಾಡುವ ಒಂದು ಜಾರುಪಟ್ಟಿ. ಅದನ್ನು ಎಡಕ್ಕೆ ಸರಿಸಿದರೆ ಆಟಗಾರನ ಏಟು ಬಲವಾಗುತ್ತದೆ, ಶತ್ರುವಿನದು ಕುಗ್ಗುತ್ತದೆ. ಬಲಕ್ಕೆ ಸರಿಸಿದರೆ ತಿರುಗುಮುರುಗು. ವ್ಯಾಪಾರಿ ಅದನ್ನು ಎಡಕ್ಕೆ ಸರಿಸಿ ಬದುಕಿಕೊಳ್ಳಬಹುದು. ಲೋಕದ ಆಕಾರ ಮಾತ್ರ ಹಾಗೆಯೇ ಇರುತ್ತದೆ: ಗಾಜಿನ ಕವಚದ ದರೋಡೆಕೋರ ಈಗ ಬೇಗ ಸಾಯುತ್ತಾನೆ, ಅಷ್ಟೆ.

ಹೆಚ್ಚು ದೂರ ಹೋದವರು ಮಾಡ್, ಅಂದರೆ ಆಟವನ್ನು ಬದಲಿಸುವ ಸೇರ್ಪಡೆ, ತಯಾರಿಸುವ ಆಟಗಾರರು. ‘ಆಸ್ಕ್ಯುರೋಸ್ ಅಬ್ಲಿವಿಯನ್ ಓವರ್‌ಹಾಲ್’ ಎಂಬ ದೊಡ್ಡ ಮಾಡ್ ಲೋಕವನ್ನೇ ಮರಳಿ ಜೋಡಿಸಿತು. ಬಹುತೇಕ ಶತ್ರುಗಳಿಗೆ ತಮ್ಮದೇ ಬಲದ ಮಿತಿ ಬಂತು, ಕೆಲವು ಜಾಗಗಳು ಮೊದಲಿನಿಂದಲೂ ಅಪಾಯಕಾರಿಯಾದವು, ಒಳ್ಳೆಯ ವಸ್ತುಗಳು ಅಪಾಯದ ಜಾಗಗಳಿಗೆ ಹಿಂದಿರುಗಿದವು. ಓಡಿಹೋಗುವುದು ಮತ್ತೆ ಆಟದ ಭಾಗವಾಯಿತು. ಹಣ ಕೊಟ್ಟು ಕೊಂಡ ಆಟವನ್ನು ತಾವೇ ಬಿಚ್ಚಿ ಕಟ್ಟುವಷ್ಟು ಆಟಗಾರರು ಆ ಲೋಕವನ್ನು ಪ್ರೀತಿಸಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಳಿಕ ಬಂದ ಉತ್ತರಗಳು

ಬೆಥೆಸ್ಡಾ ಪಾಠ ಕಲಿಯಿತು, ಪೂರ್ತಿಯಾಗಿ ಅಲ್ಲದಿದ್ದರೂ. 2008ರ ‘ಫಾಲ್ಔಟ್ 3’ರಲ್ಲಿ ಆಟಗಾರ ಒಂದು ಜಾಗಕ್ಕೆ ಮೊದಲ ಸಲ ಕಾಲಿಟ್ಟಾಗ ಆ ಜಾಗದ ಲೆವೆಲ್ ಗಟ್ಟಿಯಾಗಿ ನಿಲ್ಲುವ ಏರ್ಪಾಡು ಬಂತು. 2011ರ ‘ಸ್ಕೈರಿಮ್’ನಲ್ಲಿ ಪ್ರದೇಶಗಳಿಗೆ ಕನಿಷ್ಠ ಲೆವೆಲ್ ಇಟ್ಟರು, ದರೋಡೆಕೋರರ ಬಲಕ್ಕೆ ಮೇಲ್ಮಿತಿ ಹಾಕಿದರು. ಈಗ ಸೋತು ಹಿಂದಿರುಗಿ, ಬೆಳೆದು ಮತ್ತೆ ಹೋಗಬಹುದು. ಅದೇ ಗುಹೆ ಈ ಸಲ ಮಣಿಯುತ್ತದೆ. ಕೆಲವು ಶತ್ರುಗಳನ್ನು ಲೆಕ್ಕದಿಂದಲೇ ಹೊರಗಿಟ್ಟರು. ವೈಟ್‌ರನ್ ಊರಿನ ಸುತ್ತಲ ಬಯಲಿನಲ್ಲಿ ಮ್ಯಾಮತ್‌ಗಳನ್ನು ಮೇಯಿಸುವ ದೈತ್ಯರು ಆಟದ ಶುರುವಿನಿಂದಲೂ 32ನೇ ಲೆವೆಲ್‌ನವರೇ. ಹೊಸಬನೊಬ್ಬ ಕೆಣಕಿದರೆ ದೈತ್ಯನ ಗದೆಯ ಒಂದೇ ಏಟಿಗೆ ಅವನ ದೇಹ ಆಕಾಶಕ್ಕೆ ಚಿಮ್ಮುತ್ತದೆ. ಸಾವಿರಾರು ಮೆಟ್ಟಿಲು ಹತ್ತಿ ಹೈ ಹ್ರಾತ್‌ಗಾರ್ ಮಠಕ್ಕೆ ಹೋಗುವ ದಾರಿಯಲ್ಲಿ ಕಾಯುವ ಹಿಮದ ಟ್ರಾಲ್ ಸಹ ಇದೇ ಬಗೆಯದು. ಸ್ಕೈರಿಮ್ ಆಡಿದವರ ಬಾಯಲ್ಲಿ ಮೊದಲು ಬರುವ ನೆನಪುಗಳಲ್ಲಿ ಇವೆರಡೂ ಇರುತ್ತವೆ; ತಮಗಾಗಿ ಹದ ಮಾಡಿಟ್ಟ ಕಾಳಗಗಳನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಆದರೆ ಅಳತೆಗೋಲು ಅಲ್ಲಿಯೂ ಹಳೆಯದೇ. ಮೂಲ ಗುಣಗಳ ಲೆಕ್ಕವನ್ನು ಕಿತ್ತುಹಾಕಿ ಜೀವಬಲ, ಮಂತ್ರಬಲ, ಕಸುವು ಇವುಗಳಲ್ಲಿ ಒಂದನ್ನು ನೇರವಾಗಿ ಏರಿಸುವ ಸರಳ ದಾರಿ ತಂದದ್ದು ಸರಿ. ಕೌಶಲ ಯಾವುದೇ ಏರಲಿ, ಲೆವೆಲ್ ಏರುವುದು ಮಾತ್ರ ಉಳಿಯಿತು. ಕುಲುಮೆಯ ಮುಂದೆ ಕುಳಿತು ಕಬ್ಬಿಣದ ಚೂರಿಗಳನ್ನು ರಾಶಿ ರಾಶಿ ಬಡಿದವನ ಲೆವೆಲ್ ಏರಿತು, ಊರ ಹೊರಗಿನ ಶತ್ರುಗಳು ಬಲಿತರು.

ಇದಕ್ಕೆ ನೇರ ಎದುರಾದ ದಾರಿ 2010ರ ‘ಫಾಲ್ಔಟ್: ನ್ಯೂ ವೇಗಸ್’ನದು, ಅದನ್ನು ಮಾಡಿದವರು ಅಬ್ಸಿಡಿಯನ್. ಗುಡ್‌ಸ್ಪ್ರಿಂಗ್ಸ್ ಎಂಬ ಹಳ್ಳಿಯಲ್ಲಿ ಆಟ ಶುರು. ತಲುಪಬೇಕಾದ ನಗರ ಉತ್ತರಕ್ಕೆ, ದೂರವೇನೂ ಇಲ್ಲ. ಆದರೆ ಆ ಕಡೆಗೆ ಕ್ಯಾಝಡೋರ್ ಎಂಬ ವಿಷದ ಹಾರುಕೀಟಗಳು, ಕಲ್ಲುಗಣಿಯಲ್ಲಿ ಡೆತ್‌ಕ್ಲಾ ಎಂಬ ಭಾರಿ ಮೃಗಗಳು. ಗಣಿ ಬಳಿಯ ಕೆಲಸಗಾರರೇ ಮುಂದೆ ಹೋಗಬೇಡ ಎಂದು ಎಚ್ಚರಿಸುತ್ತಾರೆ. ಎಚ್ಚರಿಕೆ ಕೇಳಿದವನು ದಕ್ಷಿಣಕ್ಕೆ ಇಳಿದು ಪ್ರಿಮ್, ನಿಪ್ಟನ್, ನೊವಾಕ್ ಊರುಗಳನ್ನು ಸುತ್ತಿ, ದಾರಿಯಲ್ಲಿ ಕಥೆಯನ್ನೂ ಬಲವನ್ನೂ ಗಳಿಸುತ್ತ ಬರುತ್ತಾನೆ. ಕೇಳದವನಿಗೆ ಬಾಗಿಲು ಮುಚ್ಚಿಲ್ಲ. ಉಸಿರು ಬಿಗಿಹಿಡಿದು, ಮರೆಯಿಂದ ಮರೆಗೆ ಸರಿಯುತ್ತ ಉತ್ತರದಿಂದಲೇ ನುಸುಳಿ ನಗರ ಸೇರಿದವರಿದ್ದಾರೆ, ಆ ಗೆಲುವು ಪೂರ್ತಿ ಅವರದೇ. ಇದರ ಬೆಲೆಯೂ ಇದೆ: ಹೆಚ್ಚಿನವರು ಒಂದೇ ದಾರಿಯಲ್ಲಿ ಹೋಗುತ್ತಾರೆ, ಎರಡನೇ ಸಲ ಆಡುವಾಗ ಆ ಸುತ್ತು ಉದ್ದವೆನಿಸುತ್ತದೆ. 2022ರ ‘ಎಲ್ಡನ್ ರಿಂಗ್’ ಇದೇ ಮನೋಧರ್ಮದ್ದು. ಮೊದಲ ಬಯಲಿಗೆ ಬಂದೊಡನೆ ಕುದುರೆಯೇರಿದ ಬಂಗಾರದ ಕವಚದ ಯೋಧ ಕಣ್ಣೆದುರೇ ಸುತ್ತುತ್ತಿರುತ್ತಾನೆ, ಅವನನ್ನು ಬಳಸಿಕೊಂಡು ಹೋಗಲು ಸುತ್ತಲೂ ಬಯಲಿದೆ.

ನನಗೆ ಎಲ್ಲಕ್ಕಿಂತ ಬೋಧಕವಾಗಿ ಕಾಣುವುದು ನಿಂಟೆಂಡೊದ 2017ರ ‘ಝೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’. ಅಲ್ಲಿಯೂ ಲೋಕ ಆಟಗಾರನ ಜೊತೆ ಬೆಳೆಯುತ್ತದೆ. ಬೊಕೊಬ್ಲಿನ್ ಎಂಬ ಶತ್ರುಗಳಲ್ಲಿ ಕೆಂಪು ಬಣ್ಣದವುಗಳ ಜಾಗಕ್ಕೆ ನೀಲಿ, ಕಪ್ಪು, ಕೊನೆಗೆ ಬೆಳ್ಳಿ ಬಣ್ಣದವು ಬರುತ್ತವೆ, ಜೊತೆಗೆ ಸಿಗುವ ಆಯುಧಗಳೂ ಉತ್ತಮವಾಗುತ್ತವೆ. ಇದಕ್ಕೆ ಆಧಾರ ಆಟಗಾರ ಸೋಲಿಸಿದ ಶತ್ರುಗಳಿಂದ ಗುಟ್ಟಾಗಿ ಕೂಡುವ ಅಂಕಗಳು. ಅಡುಗೆ ಮಾಡಿದ್ದಕ್ಕೆ, ಬೆಟ್ಟ ಹತ್ತಿದ್ದಕ್ಕೆ, ಕುದುರೆ ಪಳಗಿಸಿದ್ದಕ್ಕೆ ಶತ್ರುಗಳು ಬಲಿಯುವುದಿಲ್ಲ. ಹೋರಾಡಿದವನಿಗೆ ಹೋರಾಟ ಹೆಚ್ಚುತ್ತದೆ, ಅಲೆದಾಡಿದವನಿಗೆ ಲೋಕ ಮೆದುವಾಗಿಯೇ ಇರುತ್ತದೆ. ಅಬ್ಲಿವಿಯನ್‌ನ ಉದ್ದೇಶಕ್ಕೆ ತಕ್ಕ ಅಳತೆಗೋಲು ಇದು. ಇದರ ಜೊತೆಗೆ ಆರಂಭದ ಪ್ರಸ್ಥಭೂಮಿಯಿಂದ ಇಳಿದೊಡನೆ ನೇರವಾಗಿ ಕೊನೆಯ ಕೋಟೆಗೇ ಹೋಗಲು ಬಿಟ್ಟು, ಅಲ್ಲಿಯ ಕಾವಲು ಯಂತ್ರಗಳನ್ನು ಸ್ವಲ್ಪವೂ ಮೆತ್ತಗೆ ಮಾಡದೆ ಇಟ್ಟರು. ಬೆಳೆಯುವ ಲೋಕ, ಬಗ್ಗದ ಕೆಲವು ಜಾಗಗಳು, ಎರಡೂ ಒಂದೇ ನಕ್ಷೆಯಲ್ಲಿ ಬಾಳುವುದನ್ನು ಅದು ತೋರಿಸಿತು.

2025ರ ತಿದ್ದುಪಡಿ

2025ರ ಏಪ್ರಿಲ್‌ನಲ್ಲಿ ಅಬ್ಲಿವಿಯನ್ ಹೊಸ ಚಿತ್ರಗಳೊಂದಿಗೆ ‘ರಿಮಾಸ್ಟರ್ಡ್’ ಆಗಿ ಮತ್ತೆ ಬಂತು. ಲೆವೆಲ್ ಏರಿಕೆಯ ಲೆಕ್ಕವನ್ನು ಅದರಲ್ಲಿ ಬದಲಿಸಿದ್ದಾರೆ. ಪ್ರಧಾನ, ಗೌಣ ಎರಡೂ ಬಗೆಯ ಕೌಶಲಗಳು ಈಗ ಏರಿಕೆಗೆ ಲೆಕ್ಕಕ್ಕೆ ಬರುತ್ತವೆ. ಪ್ರತಿ ಲೆವೆಲ್‌ಗೂ ಆಟಗಾರನಿಗೆ 12 ಅಂಕಗಳು ಸಿಗುತ್ತವೆ, ಅವನ್ನು ತಾನು ಬಯಸಿದ ಗುಣಗಳಿಗೆ ಹಂಚಬಹುದು. ಯಾವ ಕೌಶಲ ಬಳಸಿದ ಎಂಬ ಹಂಗು ಇಲ್ಲ, ಕಾಗದ ಪೆನ್ಸಿಲ್ ಬೇಕಿಲ್ಲ. ಶತ್ರುಗಳು ಆಟಗಾರನ ಲೆವೆಲ್ ಜೊತೆ ಏರುವ ಮೂಲ ಏರ್ಪಾಡು ಮಾತ್ರ ಉಳಿದುಕೊಂಡಿದೆ.

ನಮ್ಮ ವ್ಯಾಪಾರಿಯನ್ನು ಈ ಹೊಸ ಲೋಕಕ್ಕೆ ಕರೆತಂದು ನೋಡಿ. ಈ ಸಲ ಅವನು ಓಡಿ, ಜಿಗಿದು, ಚೌಕಾಸಿ ಮಾಡಿ ಲೆವೆಲ್ ಏರಿದರೂ ಅಂಕಗಳನ್ನು ತಾಳಿಕೆಗೆ ಹಾಕಿಕೊಳ್ಳಬಹುದು. ಗುರಾಣಿಯನ್ನು ಮುಟ್ಟದೆಯೇ ಯೋಧನಷ್ಟು ಉಸಿರು ಗಳಿಸಿಕೊಳ್ಳಬಹುದು. ಯಾರಾಗಬೇಕು ಎಂಬ ಅವನ ಆಯ್ಕೆಗೆ ವಿಧಿಸಿದ್ದ ದಂಡ ಬಹುಪಾಲು ಮನ್ನಾ ಆಗಿದೆ. ಅವನ ಕತ್ತಿ ಇನ್ನೂ ಮೊಂಡಾಗಿಯೇ ಇದೆ, ಏಕೆಂದರೆ ಅವನು ಅದನ್ನು ಬಳಸಿಲ್ಲ. ಬೇಲಿ ದಾಟಿ ದಾರಿಗೆ ಇಳಿಯುತ್ತಾನೆ. ತಿರುವಿನಲ್ಲಿ ಒಬ್ಬ ಅಡ್ಡ ಬರುತ್ತಾನೆ. ಅವನ ಮೈಮೇಲಿನ ಕವಚ ಯಾವ ಲೋಹದ್ದು ಎನ್ನುವುದನ್ನು ಈಗಲೂ ವ್ಯಾಪಾರಿಯ ಲೆವೆಲ್ಲೇ ತೀರ್ಮಾನಿಸುತ್ತದೆ.